ಹಳಿಗೆ ಟೇಪು ಓರೆ ಹಿಡಿದ್ರೆ: ಸಮಾಂತರ ರೇಖೆಗಳ ದೂರ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಎಂದಿನಂತೆ ಮಾತಿನ ಬರಹರೂಪ ಇಲ್ಲಿದೆ. ಈ ಸಲ ಸಾಫ್ಟ್‌ವೇರ್ ಅಲ್ಲ, ಗಣಿತ. ಕಾರಣ ನನ್ನದೇ ತಪ್ಪು.

ನಾವಿರೋದು ಚೆನ್ನೈನ ತಿರುವೊಟ್ಟಿಯೂರಿನಲ್ಲಿ. ಮಗಳು ಹನ್ನೊಂದನೇ ಕ್ಲಾಸು. ಟೆಸ್ಟಿನ ಹಿಂದಿನ ರಾತ್ರಿ ಈ ಲೆಕ್ಕ ತಂದಳು: 3ಎಕ್ಸ್ + 4ವೈ = 12 ಮತ್ತು 6ಎಕ್ಸ್ + 8ವೈ = −6, ಈ ಸಮಾಂತರ ರೇಖೆಗಳ ನಡುವಿನ ದೂರ ಎಷ್ಟು? ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೇನೇ, "ಎಕ್ಸ್ ಸೊನ್ನೆ ಅಂತ ಹಾಕು. ಒಂದು ಕಡೆ 3, ಇನ್ನೊಂದು ಕಡೆ −0.75. ಕಳೆದ್ರೆ 3.75, ಆಯ್ತು" ಅಂದೆ. ಅಂಥದ್ದೇ ಲೆಕ್ಕ ಟೆಸ್ಟಲ್ಲೂ ಬಂತು. "ಅಪ್ಪ, ನೀನ್ ಹೇಳ್ದಂಗೇ ಬರ್ದೆ, ಮಾರ್ಕ್ಸ್ ಹೋಯ್ತು" ಅಂದಾಗ ಮುಖ ಎಲ್ಲಿಡ್ಲಿ ಹೇಳಿ.

ತಪ್ಪು ಎಲ್ಲಿ ಅಂತ ಹೊಳೆದದ್ದು ಇಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ. ಬ್ರಾಡ್‌ಗೇಜ್ ಹಳಿಗಳ ನಡುವೆ, ಒಳಅಂಚಿನಿಂದ ಒಳಅಂಚಿಗೆ, 1676 ಮಿಲಿಮೀಟರ್. (ಪಕ್ಕದ ರಸ್ತೆ ಮೇಲೆ ಓಡೋ ಮೆಟ್ರೋದು 1435, ನಮ್ಮ ಬೆಂಗಳೂರಿನ ಮೆಟ್ರೋದೂ ಅಷ್ಟೇ.) ಟೇಪನ್ನು ಓರೆಯಾಗಿ ಹಿಡಿದ್ರೆ ಅದೇ ಹಳಿ ಮಧ್ಯೆ ಎರಡು ಮೀಟರ್ ಕೂಡ ಬರುತ್ತೆ! ದೂರ ಅಂದ್ರೆ ಲಂಬವಾಗಿ ಅಳೆದದ್ದು, ಅದೇ ಅತಿ ಕಡಿಮೆ. ನಾನು ಅಳೆದದ್ದು ವೈ ಅಕ್ಷದ ಮೇಲೆ. ಇಳಿಜಾರಾಗಿರೋ ರೇಖೆಗೆ ಅದು ಓರೆ ಟೇಪು.

ಹಾಗಾದ್ರೆ ಎಷ್ಟು ಜಾಸ್ತಿ ಬಂತು? ಈ ರೇಖೆ 4 ಹೆಜ್ಜೆ ಬಲಕ್ಕೆ ಹೋದ್ರೆ 3 ಹೆಜ್ಜೆ ಇಳಿಯುತ್ತೆ, ರೇಖೆಯ ಮೇಲೇ ನಡೆದ್ರೆ 5. ನಮ್ಮ ಹಳೇ ಪೈಥಾಗೊರಸ್. ಓರೆ ಟೇಪು, ಲಂಬದ ದೂರ, ರೇಖೆಯ ಒಂದು ತುಂಡು, ಈ ಮೂರೂ ಸೇರಿ ಮಾಡೋ ಪುಟ್ಟ ತ್ರಿಭುಜಕ್ಕೂ ಅದೇ ಆಕಾರ. ಆದ್ದರಿಂದ 3.75ರಲ್ಲಿ ಐದನೇ ನಾಲ್ಕು ಭಾಗ ತಗೋಬೇಕು. ಉತ್ತರ 3.

ಆಮೇಲೆ ಮಗಳು ಸೂತ್ರ ಹಾಕಿದಳು: ಬಲಗಡೆಯ ಸಂಖ್ಯೆಗಳ ವ್ಯತ್ಯಾಸವನ್ನು, ಎಕ್ಸ್ ಮತ್ತು ವೈ ಸಹಗುಣಕಗಳ ವರ್ಗಗಳನ್ನು ಕೂಡಿ ತೆಗೆದ ವರ್ಗಮೂಲದಿಂದ ಭಾಗಿಸೋದು. ಅವಳಿಗೆ ಬಂದದ್ದು 18 ಭಾಗ 5, ಅಂದ್ರೆ 3.6. ಈ ಸಲ ತಪ್ಪು ಅವಳದು, ಸ್ವಲ್ಪ ಸಮಾಧಾನ ಆಯ್ತು! ಎರಡನೇ ಸಮೀಕರಣ 6 ಮತ್ತು 8ರಲ್ಲಿದೆ, ಮೊದಲನೆಯದು 3 ಮತ್ತು 4ರಲ್ಲಿ. ಒಂದು ರೂಪಾಯಿಯಲ್ಲಿ, ಇನ್ನೊಂದು ಎಂಟಾಣೆಯಲ್ಲಿ ಇದ್ದಂಗೆ. ಮೊದಲು ಎರಡರಿಂದ ಭಾಗಿಸಿ 3ಎಕ್ಸ್ + 4ವೈ = −3 ಮಾಡಿಕೊಳ್ಳಿ. ಈಗ 12ಕ್ಕೂ −3ಕ್ಕೂ ವ್ಯತ್ಯಾಸ 15, ಭಾಗ 5, ಮತ್ತೆ 3.

ಅನುಮಾನ ಇದ್ರೆ ಮೊದಲ ರೇಖೆಯ ಮೇಲಿನ (4, 0) ಬಿಂದುವಿನಿಂದ ಎರಡನೇ ರೇಖೆಗೆ ಲಂಬ ಇಳಿಸಿ ನೋಡಿ. ನಾವಿಬ್ಬರೂ ಅದನ್ನ ಗ್ರಾಫ್ ಹಾಳೆಯಲ್ಲಿ ಸ್ಕೇಲಿಟ್ಟು ಅಳೆದೆವು.