ಎರಡು ಚುಕ್ಕೆಗಳ ಸ್ವರ

ಜರ್ಮನ್ ಭಾಷೆಯನ್ನು ಕಲಿಸುವುದಕ್ಕೆಂದು ಬೆಂಗಳೂರಿನಲ್ಲಿರುವ ಸಂಸ್ಥೆಗೆ ಎರಡು ಹೆಸರುಗಳಿವೆ. ಹೊರಜಗತ್ತಿಗೆ ಅದು ಕವಿ ಗಯಟೆಯ ಹೆಸರಿನ ಸಂಸ್ಥೆ. ಭಾರತದಲ್ಲಿ ಅದಕ್ಕೆ ಮ್ಯಾಕ್ಸ್ ಮುಲ್ಲರ್ ಭವನವೆಂಬ ಹೆಸರೂ ಉಂಟು. ಹೆಸರುಗಳೆರಡೂ ನಮಗೆ ಚಿರಪರಿಚಿತ. ಆದರೆ ನಾವು ಈ ಎರಡನ್ನೂ ಉಚ್ಚರಿಸುವ ರೀತಿಯನ್ನು ಕೇಳಿದರೆ ಜರ್ಮನರು ಕ್ಷಣಕಾಲ ಯಾರ ಮಾತು ಇದು ಎಂದು ಯೋಚಿಸಬೇಕಾಗುತ್ತದೆ. ಇದರಲ್ಲಿ ನಮ್ಮ ತಪ್ಪು ಅರ್ಧ ಮಾತ್ರ. ಈ ಹೆಸರುಗಳು ನಮ್ಮಲ್ಲಿಗೆ ಬಂದದ್ದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ. ಇಂದಿಗೂ ನಾವು ಜರ್ಮನ್ ಕಲಿಯಲು ಕೈಗೆತ್ತಿಕೊಳ್ಳುವ ಪುಸ್ತಕಗಳಲ್ಲಿ ಅನೇಕವು ಇಂಗ್ಲಿಷ್ ನಾಲಗೆಗಾಗಿ ಬರೆದವು. ಆದಕಾರಣ ಆ ನಾಲಗೆ ಎಲ್ಲಿ ಎಡವುತ್ತದೆ, ಏಕೆ ಎಡವುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ನಮಗೂ ಪ್ರಯೋಜನಕರ.

ಗಯಟೆಯ ಹೆಸರಿನ ಮೊದಲ ಸ್ವರ, ಮುಲ್ಲರನ ಹೆಸರಿನ ಮೊದಲ ಸ್ವರ, ಇವೆರಡೂ ಜರ್ಮನ್ ವ್ಯಾಕರಣದಲ್ಲಿ 'ಉಮ್‌ಲೌಟ್' ಎಂಬ ವರ್ಗಕ್ಕೆ ಸೇರಿದವು. ರೋಮನ್ ಲಿಪಿಯ ಅಕಾರ, ಓಕಾರ, ಉಕಾರಗಳ ನೆತ್ತಿಯ ಮೇಲೆ ಎರಡೆರಡು ಚುಕ್ಕೆಗಳನ್ನಿಟ್ಟು ಅವನ್ನು ಬರೆಯುತ್ತಾರೆ. ತೊಡಕು ಹುಟ್ಟುವುದು ಇಲ್ಲಿಯೇ. ಇಂಗ್ಲಿಷ್ ಓದುಗನ ಕಣ್ಣಿಗೆ ಅಲ್ಲಿ ಮೊದಲು ಕಾಣುವುದು ತನಗೆ ಗೊತ್ತಿರುವ ಅಕ್ಷರ. ಚುಕ್ಕೆಗಳು ಅದಕ್ಕೊಂದು ಅಲಂಕಾರ ಮಾತ್ರ. ಹೀಗಾಗಿ ಆತ ಚುಕ್ಕೆಯ ಉಕಾರವನ್ನು ಉಕಾರದ ಒಂದು ಬಗೆಯೆಂದೂ ಚುಕ್ಕೆಯ ಓಕಾರವನ್ನು ಓಕಾರದ ಒಂದು ಬಗೆಯೆಂದೂ ಭಾವಿಸಿಬಿಡುತ್ತಾನೆ. ಈಚೆಗೆ ನಮ್ಮ ನಗರಗಳಲ್ಲಿ ಓಡಾಡುತ್ತಿರುವ ಊಬರ್ ಟ್ಯಾಕ್ಸಿಯ ಹೆಸರು ಕೂಡ ಇಂತಹುದೇ. 'ಮೇಲೆ' ಎಂಬ ಅರ್ಥದ ಜರ್ಮನ್ ಶಬ್ದ ಇಂಗ್ಲಿಷಿನಲ್ಲಿ ತನ್ನ ಚುಕ್ಕೆಗಳನ್ನು ಕಳೆದುಕೊಂಡು ಊಕಾರವಾಗಿ ನಿಂತಿದೆ.

ಕಿವಿಯನ್ನು ನಂಬುವವನಿಗೆ ಸಂಗತಿ ಬೇರೆಯಾಗಿಯೇ ಕಾಣುತ್ತದೆ. ಚುಕ್ಕೆಯ ಉಕಾರ ಉಕಾರದ ಬಗೆಯಲ್ಲ, ಇಕಾರದ ಬಗೆ. ಚುಕ್ಕೆಯ ಓಕಾರ ಓಕಾರದ ಬಗೆಯಲ್ಲ, ಏಕಾರದ ಬಗೆ. ನಾನು ಇಂದು ಹೇಳಬೇಕೆಂದಿರುವ ಮುಖ್ಯ ವಿಷಯ ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ನಮ್ಮ ಪ್ರಾಚೀನ ಶಿಕ್ಷಾಕಾರರ ಪರಿಭಾಷೆ ಇಲ್ಲಿ ಬಹಳ ನೆರವಾಗುತ್ತದೆ. ಇಕಾರ ತಾಲವ್ಯ, ಅಂದರೆ ನಾಲಗೆಯ ಮುಂಭಾಗ ಅಂಗುಳಿನ ಕಡೆಗೆ ಏರಿದಾಗ ಹುಟ್ಟುವುದು. ಉಕಾರ ಓಷ್ಠ್ಯ, ತುಟಿಗಳು ದುಂಡಗಾದಾಗ ಹುಟ್ಟುವುದು. ಏಕಾರವನ್ನು ಕಂಠತಾಲವ್ಯವೆಂದರು, ಓಕಾರವನ್ನು ಕಂಠೋಷ್ಠ್ಯವೆಂದರು. ಎರಡೆರಡು ಸ್ಥಾನಗಳನ್ನು ಹೀಗೆ ಜೋಡಿಸಿದವರು ತಾಲುವನ್ನೂ ಓಷ್ಠವನ್ನೂ ಕೂಡಿಸಿ 'ತಾಲವ್ಯೋಷ್ಠ್ಯ' ಎಂಬ ಸ್ವರವನ್ನು ಮಾತ್ರ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಸಂಸ್ಕೃತದಲ್ಲಿ ಅಂತಹ ಸ್ವರವಿಲ್ಲ. ಕನ್ನಡದಲ್ಲಿಯೂ ಇಲ್ಲ, ಇಂದಿನ ಶಿಷ್ಟ ಇಂಗ್ಲಿಷಿನ ಸ್ವರಗಳ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನವಿಲ್ಲ. ಜಗತ್ತಿನ ಬಹುಪಾಲು ಭಾಷೆಗಳಲ್ಲಿ ನಾಲಗೆ ಮುಂದಕ್ಕೆ ಬಂದರೆ ತುಟಿ ಅಗಲವಾಗುತ್ತದೆ, ಹಿಂದಕ್ಕೆ ಸರಿದರೆ ದುಂಡಗಾಗುತ್ತದೆ. ಜರ್ಮನ್, ಫ್ರೆಂಚ್, ಟರ್ಕಿ, ಹಂಗೇರಿ, ಫಿನ್ಲೆಂಡುಗಳ ಭಾಷೆಗಳು ಈ ಜೋಡಿಯನ್ನು ಬಿಡಿಸಿ, ನಾಲಗೆಯನ್ನು ಮುಂದಿಟ್ಟು ತುಟಿಯನ್ನು ದುಂಡಾಗಿಸುತ್ತವೆ. ಆ ಖಾಲಿ ಮನೆಯಲ್ಲಿ ಕುಳಿತ ಸ್ವರಗಳೇ ಇವು.

ಮಾಡಿ ನೋಡುವ ಕ್ರಮ ಸುಲಭ. ದೀರ್ಘವಾಗಿ 'ಈ' ಎನ್ನಿರಿ. ನಾಲಗೆಯ ತುದಿ ಕೆಳಗಿನ ಹಲ್ಲುಗಳ ಹಿಂಬದಿಗೆ ತಾಗಿರುವುದು ತಿಳಿಯುತ್ತದೆ. ದನಿಯನ್ನು ನಿಲ್ಲಿಸದೆ, ನಾಲಗೆಯನ್ನು ಕೂದಲೆಳೆಯಷ್ಟೂ ಕದಲಿಸದೆ, ತುಟಿಗಳನ್ನು ಮಾತ್ರ ಮೆಲ್ಲನೆ 'ಊ' ಎನ್ನುವಾಗಿನಂತೆ ಮುಂದಕ್ಕೆ ತನ್ನಿರಿ. ಈಗ ಕೇಳಿಬರುವುದು ಈಯೂ ಅಲ್ಲ, ಊವೂ ಅಲ್ಲ. ಅದೇ ಚುಕ್ಕೆಯ ಉಕಾರ. ಸಿಳ್ಳೆ ಹಾಕಬಲ್ಲವರು ಎತ್ತರದ ಸ್ವರದಲ್ಲಿ ಸಿಳ್ಳೆ ಹಾಕುವಾಗ ಬಾಯಿ ತಾನಾಗಿ ಹೆಚ್ಚುಕಡಮೆ ಇದೇ ಸ್ಥಿತಿಗೆ ಬಂದಿರುತ್ತದೆ. ಹಾಗೆಯೇ 'ಏ' ಎನ್ನುತ್ತ ತುಟಿಗಳನ್ನು 'ಓ'ದಂತೆ ದುಂಡಾಗಿಸಿದರೆ ಗಯಟೆಯ ಸ್ವರ ದೊರೆಯುತ್ತದೆ. ಬಾನುಲಿಯಲ್ಲಿ ತುಟಿಗಳನ್ನು ತೋರಿಸುವಂತಿಲ್ಲ. ಮನೆಯಲ್ಲಿ ಕನ್ನಡಿಯಿದ್ದರೆ ಸಾಕು. ನಾಲಗೆ ಕದಲಿದರೆ ಸ್ವರ ಕೆಟ್ಟಿತು ಎಂಬುದನ್ನು ಮಾತ್ರ ಮರೆಯಬಾರದು.

ಚುಕ್ಕೆಯ ಅಕಾರದ ವಿಷಯದಲ್ಲಿ ಇಷ್ಟು ಶ್ರಮ ಬೇಡ. ಹ್ರಸ್ವವಾದಾಗ ಅದು ಸರಿಸುಮಾರು ನಮ್ಮ ಎಕಾರವೇ. ದೀರ್ಘವಾದಾಗ ಬಾಯಿ ತುಸು ಹೆಚ್ಚು ತೆರೆದ ಏಕಾರ. ಆದರೆ ಉತ್ತರ ಜರ್ಮನಿಯ ಅನೇಕರು ಅದನ್ನೂ ಸಾಧಾರಣ ಏಕಾರವಾಗಿಯೇ ನುಡಿಯುವುದರಿಂದ ಅವರ ಬಾಯಲ್ಲಿ ಕರಡಿಗಳಿಗೂ ಕಾಡಿನ ಬೆರಿ ಹಣ್ಣುಗಳಿಗೂ ಒಂದೇ ಶಬ್ದವಾಗುತ್ತದೆ. ಜರ್ಮನರೇ ಸೈರಿಸಿಕೊಂಡಿರುವಾಗ ನಾವೇಕೆ ಚಿಂತಿಸಬೇಕು!

ಇಂಗ್ಲಿಷ್ ಕಲಿಕೆಯವನಿಗೆ ಪಠ್ಯಪುಸ್ತಕಗಳು ಕೊಡುವ ಸಲಹೆಗಳಲ್ಲಿ ಒಂದನ್ನು ಇಲ್ಲಿ ಪರೀಕ್ಷಿಸಬೇಕು. ಚುಕ್ಕೆಯ ಓಕಾರ 'ಬರ್ಡ್' ಎಂಬ ಇಂಗ್ಲಿಷ್ ಶಬ್ದದ ಸ್ವರದಂತೆ ಎನ್ನುತ್ತಾರೆ. ದಕ್ಷಿಣ ಇಂಗ್ಲೆಂಡಿನವರಿಗೆ ಈ ಮಾತು ಒಂದಿಷ್ಟು ಸರಿ. ಅವರು ಅಲ್ಲಿ ರಕಾರವನ್ನು ನುಡಿಯುವುದಿಲ್ಲ, ಸ್ವರವೂ ಸಮೀಪದ್ದೇ, ತುಟಿಯ ದುಂಡುತನವೊಂದು ಕಡಮೆ. ಅಮೆರಿಕದವರು ಅದೇ ಸಲಹೆಯನ್ನು ಪಾಲಿಸಿದರೆ ನಾಲಗೆ ಸುರುಳಿಗೊಂಡು ರಕಾರ ನುಗ್ಗುತ್ತದೆ, ಕವಿಯ ಹೆಸರು 'ಗರ್ಟ' ಆಗುತ್ತದೆ. ನಮಗಂತೂ ಇದು ಕೇವಲ ಹಾನಿಕರ, ಏಕೆಂದರೆ ನಮ್ಮ 'ಬರ್ಡ್'ನಲ್ಲಿರುವುದು ಅಪ್ಪಟ ಅಕಾರ ಮತ್ತು ಅಪ್ಪಟ ರಕಾರ. ಇನ್ನೊಂದು ತೊಡಕು ಇಂಗ್ಲಿಷಿನ ಏಕಾರದ್ದು. 'ಡೇ' ಎನ್ನುವಾಗ ಇಂಗ್ಲಿಷಿನವನ ಸ್ವರ ಏಯಿಂದ ಹೊರಟು ಇಯ ಕಡೆಗೆ ಜಾರುತ್ತದೆ. ಜಾರುವ ಸ್ವರದ ಮೇಲೆ ತುಟಿ ದುಂಡಾಗಿಸಿದರೆ ಫಲವೂ ಜಾರುತ್ತದೆ. ನಮ್ಮ ಏಕಾರ ಮೊದಲಿಂದ ಕೊನೆಯವರೆಗೆ ನಿಂತಲ್ಲೇ ನಿಲ್ಲುವಂಥದು. ಜರ್ಮನ್ ಕಲಿಯುವ ಕನ್ನಡಿಗ ಈ ವಿಷಯದಲ್ಲಿ ಇಂಗ್ಲಿಷಿನವನಿಗಿಂತ ಒಂದು ಹೆಜ್ಜೆ ಮುಂದಿದ್ದಾನೆ. ಅವನು ಪಠ್ಯಪುಸ್ತಕದ ಇಂಗ್ಲಿಷ್ ಉದಾಹರಣೆಗಳನ್ನು ಬದಿಗಿಟ್ಟು ಕನ್ನಡದಿಂದಲೇ ಹೊರಡುವುದು ಲೇಸು. ಫ್ರೆಂಚಿನಿಂದ ಬಂದ 'ಮ್ಯೂಸಿಕ್', 'ಮೆನ್ಯೂ'ಗಳ ಅಭ್ಯಾಸಬಲದಿಂದ ಇಂಗ್ಲಿಷಿನವರು ಚುಕ್ಕೆಯ ಉಕಾರಕ್ಕೆ ಒಂದು ಯಕಾರವನ್ನು ಅಂಟಿಸುವುದೂ ಉಂಟು. ಅಲ್ಲಿ ಮೊದಲು ಈ, ಆಮೇಲೆ ಊ. ಬೇಕಾದದ್ದು ಎರಡೂ ಒಮ್ಮೆಗೇ.

ಇದೆಲ್ಲ ಇಂಗ್ಲಿಷಿಗೆ ತೀರ ಪರಕೀಯವಾದುದೆಂದು ತಿಳಿಯಬಾರದು. ಆಲ್ಫ್ರೆಡ್ ದೊರೆ ಆಳುತ್ತಿದ್ದ ಕಾಲದ (871–899) ಇಂಗ್ಲಿಷಿನಲ್ಲಿ ಈ ಚುಕ್ಕೆಯ ಉಕಾರ ಜೀವಂತವಾಗಿತ್ತು. 'ದೊರೆ' ಎಂಬ ಅರ್ಥದ, ಇಂದು 'ಕಿಂಗ್' ಆಗಿರುವ ಶಬ್ದದಲ್ಲಿಯೇ ಆಗ ಇದ್ದದ್ದು ಇಕಾರವಲ್ಲ, ಈ ಸ್ವರ. ಇಲಿಗೆ 'ಮೂಸ್' ಎಂಬ ಶಬ್ದವಿತ್ತು; ಅದರ ಬಹುವಚನದಲ್ಲಿ ಬಹಳ ಹಿಂದೆ ಒಂದು ಇಕಾರದ ಪ್ರತ್ಯಯವಿತ್ತು. ಮುಂದೆ ಬರಲಿರುವ ಇಕಾರಕ್ಕಾಗಿ ನಾಲಗೆ ಮೊದಲೇ ಸಿದ್ಧವಾಗತೊಡಗಿತು. ಹೀಗೆ ಊಕಾರದಲ್ಲಿಯೇ ಅದು ಮುಂದಕ್ಕೆ ಸರಿಯಿತು. ತುಟಿಗಳು ಮಾತ್ರ ದುಂಡಾಗಿಯೇ ಉಳಿದವು. ಆಮೇಲೆ ಇಕಾರ ಉದುರಿಹೋಯಿತು, ಅದು ಮಾಡಿದ ಬದಲಾವಣೆ ಉಳಿಯಿತು. ಶತಮಾನಗಳು ಕಳೆದಂತೆ ಇಂಗ್ಲಿಷರ ತುಟಿಗಳು ಸಡಿಲಗೊಂಡು ಆ ಸ್ವರ ಬರಿಯ ಈಕಾರವಾಗಿ, ಮುಂದೆ 'ಐ'ಯಾಗಿ, ಇಂದಿನ 'ಮೌಸ್–ಮೈಸ್' ಆಯಿತು. 'ಫುಟ್–ಫೀಟ್', 'ಗೂಸ್–ಗೀಸ್', 'ಮ್ಯಾನ್–ಮೆನ್' ಇವೆಲ್ಲ ಇದೇ ಕ್ರಿಯೆಯ ಅವಶೇಷಗಳು. ಕಿನ್ನರ ಕಥೆಗಳಿಂದ ನಮಗೆ ಪರಿಚಿತರಾದ ಗ್ರಿಮ್ ಸೋದರರಲ್ಲಿ ಹಿರಿಯನಾದ ಯಾಕೋಬ್ ಗ್ರಿಮ್ 1819ರಲ್ಲಿ ಹೊರತಂದ ಜರ್ಮನ್ ವ್ಯಾಕರಣದ ಬಳಿಕ ಈ ಸ್ವರಪರಿವರ್ತನೆಗೆ 'ಉಮ್‌ಲೌಟ್' ಎಂಬ ಹೆಸರು ನೆಲೆಗೊಂಡಿತು. ಮುಂದಿನ ಇಕಾರ ಹಿಂದಿನ ಸ್ವರವನ್ನು ತನ್ನ ಕಡೆಗೆ ಸೆಳೆಯುವುದು ನಮಗೂ ಹೊಸತಲ್ಲ. ತಮಿಳಿನಲ್ಲಿ 'ಎಲಿ', ಕನ್ನಡದಲ್ಲಿ 'ಇಲಿ'. ತೆಲುಗಿನಲ್ಲಿ 'ಚೆವಿ', ಕನ್ನಡದಲ್ಲಿ 'ಕಿವಿ'. ಅಲ್ಲಿ ನಾಲಗೆ ಮುಂದಕ್ಕೆ ಬಂದಿತು, ಇಲ್ಲಿ ಮೇಲಕ್ಕೇರಿತು, ಅಷ್ಟೇ ವ್ಯತ್ಯಾಸ.

ಈ ಇತಿಹಾಸದಿಂದ ಇಂಗ್ಲಿಷ್ ವಿದ್ಯಾರ್ಥಿಗೆ ಒಂದು ಪ್ರತ್ಯಕ್ಷ ಲಾಭವೂ ಇದೆ. 'ತುಂಬು' ಎಂಬ ಅರ್ಥದ 'ಫಿಲ್', 'ತೆಳು' ಎಂಬ 'ಥಿನ್', 'ಮುತ್ತಿಡು' ಎಂಬ 'ಕಿಸ್', 'ಪಾಪ'ವೆಂಬ 'ಸಿನ್', 'ಅಡುಗೆಮನೆ'ಯೆಂಬ 'ಕಿಚನ್' ಇವುಗಳ ಜರ್ಮನ್ ಸಮಾನಶಬ್ದಗಳಲ್ಲೆಲ್ಲ ಈ ಇಕಾರದ ಜಾಗದಲ್ಲಿ ಚುಕ್ಕೆಯ ಉಕಾರವಿದೆ. ತನ್ನದೇ ಶಬ್ದವನ್ನು ಹೇಳುತ್ತ ತುಟಿಗಳನ್ನಷ್ಟು ದುಂಡಾಗಿಸಿದರೆ ಆತ ಅರ್ಧ ದಾರಿ ಸಾಗಿದಂತೆ. 'ಮುಲ್ಲರ್' ಎಂಬುದೂ ಇಂಗ್ಲಿಷಿನ 'ಮಿಲ್ಲರ್' ಎಂಬುದೂ ಒಂದೇ. ಎರಡಕ್ಕೂ ಗಿರಣಿಯವನೆಂದೇ ಅರ್ಥ. ಋಗ್ವೇದವನ್ನು ಮುದ್ರಿಸಿದಾಗ ಆ ವಿದ್ವಾಂಸ ಸಂಸ್ಕೃತದಲ್ಲಿ ತನ್ನನ್ನು 'ಮೋಕ್ಷಮೂಲರ ಭಟ್ಟ'ನೆಂದು ಕರೆದುಕೊಂಡ. ಮೋಕ್ಷದ ಮೂಲವನ್ನು ಹೆಸರಿನಲ್ಲಿ ತಂದ ಚಮತ್ಕಾರಕ್ಕೆ ತಲೆದೂಗೋಣ. ನಾಲಗೆಯ ಲೆಕ್ಕದಲ್ಲಿ ಮಾತ್ರ 'ಮಿಲ್ಲರ್' ಎಂಬುದೇ ಮೂಲಕ್ಕೆ ಹೆಚ್ಚು ಸಮೀಪ.

ಇಷ್ಟು ಸೂಕ್ಷ್ಮ ಏಕೆ ಬೇಕೆಂದು ಕೇಳಬಹುದು. 'ಮುಟ್ಟರ್' ಎಂದರೆ ತಾಯಿ. ಉಕಾರಕ್ಕೆ ಚುಕ್ಕೆ ಬಿದ್ದರೆ ತಾಯಂದಿರು. 'ಬ್ರೂಡರ್' ಸೋದರ, ಚುಕ್ಕೆ ಬಿದ್ದರೆ ಸೋದರರು. ಇಲ್ಲಿ ಬಹುವಚನದ ಭಾರವನ್ನೆಲ್ಲ ಹೊತ್ತಿರುವುದು ಆ ಸ್ವರವೊಂದೇ. 'ಶೋನ್' ಎಂದರೆ 'ಆಗಲೇ', ಚುಕ್ಕೆಯೊಡನೆ 'ಸುಂದರ'. ಅಪರಿಚಿತರೊಡನೆ 'ತಮ್ಮಿಂದ ನನಗೊಂದು ಸಹಾಯವಾದೀತೆ' ಎಂದು ವಿನಯದಿಂದ ಕೇಳುವ ಕ್ರಿಯಾಪದದಲ್ಲಿ ಚುಕ್ಕೆಯ ಒಕಾರವಿದೆ. ಅದನ್ನು ಬರಿಯ ಒಕಾರ ಮಾಡಿದರೆ 'ತಮ್ಮಿಂದ ಆ ಸಹಾಯ ಆಯಿತೆ' ಎಂದು ಹಳೆಯ ಸಂಗತಿಯನ್ನು ವಿಚಾರಿಸಿದಂತಾಗುತ್ತದೆ. ವಿನಯ ಹಾರಿಹೋಗಿ ವಿಚಾರಣೆ ಉಳಿಯುತ್ತದೆ.

ತಪ್ಪು ಇನ್ನೊಂದು ದಿಕ್ಕಿನಲ್ಲಿಯೂ ಆಗಬಹುದು. ನಾಲಗೆ ಸರಿಯಿದ್ದು ತುಟಿ ದುಂಡಾಗದಿದ್ದರೆ 'ಬಾಗಿಲು' ಎಂಬುದು 'ಪ್ರಾಣಿ' ಆಗುತ್ತದೆ, 'ಗೋಸ್ಕರ' ಎಂಬುದು 'ನಾಲ್ಕು' ಆಗುತ್ತದೆ. ಆದರೂ ಈ ಎರಡು ತಪ್ಪುಗಳು ಸಮಾನವಲ್ಲವೆಂದು ನನ್ನ ಅಭಿಪ್ರಾಯ. ಸ್ವಾಬಿಯಾ, ಸ್ಯಾಕ್ಸನಿ, ಬವೇರಿಯಾ ಪ್ರಾಂತಗಳ ಆಡುಮಾತಿನಲ್ಲಿ ತುಟಿಯ ಈ ದುಂಡುತನ ಬಹುಮಟ್ಟಿಗೆ ಅಳಿದುಹೋಗಿದೆ. ಅಲ್ಲಿ ಜನ 'ಸುಂದರ'ವೆಂಬ ಶಬ್ದವನ್ನು ಏಕಾರದಿಂದಲೇ ನುಡಿಯುತ್ತಾರೆ. ಚುಕ್ಕೆಯ ಉಕಾರಕ್ಕೆ ಇಕಾರವನ್ನು, ಚುಕ್ಕೆಯ ಒಕಾರಕ್ಕೆ ಎಕಾರವನ್ನು ಪ್ರಾಸವಾಗಿ ಹೊಂದಿಸುವುದನ್ನು ಗಯಟೆ, ಶಿಲ್ಲರರಂತಹ ಕವಿಗಳೂ ಧಾರಾಳವಾಗಿ ಮಾಡಿದ್ದಾರೆ, ಕೇಳುಗರೂ ಒಪ್ಪಿದ್ದಾರೆ. ಉಕಾರದೊಡನೆ ಅದನ್ನು ಹಾಗೆ ಪ್ರಾಸಕ್ಕೆ ಕೂಡಿಸುವ ವಾಡಿಕೆಯಿಲ್ಲ. ಎಂದಮೇಲೆ ಜರ್ಮನರ ಕಿವಿಗೇ ಈ ಸ್ವರದ ಬಂಧುಗಳು ಯಾರೆಂಬುದು ಸ್ಪಷ್ಟ. ತುಟಿ ಸೋತ ವಿದ್ಯಾರ್ಥಿ ಹಳ್ಳಿಗನಂತೆ ಕೇಳಿಸುತ್ತಾನೆ. ನಾಲಗೆ ಹಿಂದೆ ಸರಿದವನು ಬೇರೆಯೇ ಶಬ್ದವನ್ನು ಹೇಳಿರುತ್ತಾನೆ.

1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಇದೇ ಸ್ವಾಬಿಯಾದ ಕಡೆಯವನು. ಅವನ ಹೆಸರಿನ ಮೊದಲ ಸ್ವರವೂ ಚುಕ್ಕೆಯ ಓಕಾರ. ನಾವು 'ಮೋ' ಎನ್ನುತ್ತ ಬಂದಿದ್ದೇವೆ. ಅವನ ಊರಿನ ನೆರೆಹೊರೆಯವರ ಬಾಯಲ್ಲಿ ಅದು 'ಮೇ' ಎಂಬುದಕ್ಕೆ ಸಮೀಪವಾಗಿ ಇದ್ದಿರಬೇಕು. ಅದೇ ಮಂಗಳೂರಿನಲ್ಲಿ 1886ರಲ್ಲಿ ತುಳು ನಿಘಂಟನ್ನು ಪ್ರಕಟಿಸಿದ ಮೆನ್ನರನ ಹೆಸರಿನಲ್ಲಿ ಇರುವುದು ಚುಕ್ಕೆಯ ಅಕಾರ. ತುಳು ಮಾತಿನ ಅನೇಕ ಪದಗಳ ಕೊನೆಯಲ್ಲಿ ಬರುವ ಅರೆ ಉಕಾರವನ್ನು ಗಮನಿಸಿ. ಅದರಲ್ಲಿ ನಾಲಗೆ ಉಕಾರದ ಕಡೆಗಿದ್ದು ತುಟಿಗಳು ಅಗಲವಾಗಿರುತ್ತವೆ. ಅದು ಜರ್ಮನ್ ಸ್ವರದ ನೇರ ವಿಪರ್ಯಯ. ನಾಲಗೆಯನ್ನೂ ತುಟಿಯನ್ನೂ ಬೇರೆಬೇರೆಯಾಗಿ ನಡೆಸುವ ವಿದ್ಯೆ ತುಳುವರಿಗೆ ಹುಟ್ಟಿನಿಂದ ಬಂದದ್ದು.

ಚುಕ್ಕೆಗಳ ಬಗೆಗೆ ಒಂದು ಮಾತು. ಮೊದಲು ಅಲ್ಲಿ ಇದ್ದದ್ದು ಚುಕ್ಕೆಗಳಲ್ಲ, ಅಕ್ಷರದ ತಲೆಯ ಮೇಲೆ ಬರೆದ ಪುಟ್ಟ ಎಕಾರ. ಹಳೆಯ ಜರ್ಮನ್ ಕೈಬರಹದಲ್ಲಿ ಎಕಾರ ಎರಡು ಗೀಟುಗಳಂತಿದ್ದುದರಿಂದ ಅದು ಕ್ರಮೇಣ ಎರಡು ಚುಕ್ಕೆಯಾಯಿತು. ಚುಕ್ಕೆಯಿಲ್ಲದ ಅಚ್ಚಿನಲ್ಲಿ ಪಕ್ಕದಲ್ಲಿಯೇ ಎಕಾರವನ್ನು ಬರೆಯುವುದುಂಟು. ಗಯಟೆಯ ಹೆಸರನ್ನು ಎಂದಿಗೂ ಹಾಗೆಯೇ ಬರೆಯುವುದು. 'ಬ್ರಾಂಟೆ' ಸೋದರಿಯರ ಹೆಸರಿನ ಕೊನೆಯಲ್ಲಿರುವ ಎರಡು ಚುಕ್ಕೆಗಳಿಗೂ ಇವಕ್ಕೂ ಸಂಬಂಧವಿಲ್ಲ. ಅವು ಆ ಸ್ವರವನ್ನು ನುಂಗದೆ ಪ್ರತ್ಯೇಕವಾಗಿ ಉಚ್ಚರಿಸಿ ಎಂದು ಹೇಳುತ್ತವೆ.

ಅಭ್ಯಾಸಕ್ಕೆ ಒಂದು ಹೆಸರನ್ನು ಸೂಚಿಸುತ್ತೇನೆ. ಮ್ಯಾಕ್ಸ್ ಮುಲ್ಲರನ ತಂದೆ ವಿಲ್‌ಹೆಲ್ಮ್ ಮುಲ್ಲರ್ ಕವಿ. ಅವನ ಕವನಗಳಿಗೆ ಫ್ರಾಂಟ್ಸ್ ಶೂಬರ್ಟ್, ಮಗ ಹುಟ್ಟಿದ 1823ರಲ್ಲಿಯೇ, ರಾಗಸಂಯೋಜನೆ ಮಾಡಿದ. 'ಚೆಲುವೆ ಗಿರಣಿಗಿತ್ತಿ' ಎಂಬ ಅರ್ಥದ ಆ ಇಪ್ಪತ್ತು ಹಾಡುಗಳ ಮಾಲೆಯನ್ನು ಇಂದಿಗೂ ಇಂಗ್ಲಿಷ್ ಗಾಯಕರು ಶ್ರಮಪಟ್ಟು ಕಲಿಯುತ್ತಾರೆ. ಅದರ ಶೀರ್ಷಿಕೆಯಲ್ಲಿ 'ಚೆಲುವೆ' ಎಂಬಲ್ಲಿ ದೀರ್ಘವಾದ ಚುಕ್ಕೆಯ ಓಕಾರ, 'ಗಿರಣಿಗಿತ್ತಿ' ಎಂಬಲ್ಲಿ ಹ್ರಸ್ವವಾದ ಚುಕ್ಕೆಯ ಉಕಾರ. ಮೊದಲು 'ಶೇನೆ ಮಿಲ್ಲರಿನ್' ಎಂದು ನಾಲ್ಕು ಸಲ ನಿಧಾನವಾಗಿ ಹೇಳಿ. ಐದನೆಯ ಸಲ, ನಾಲಗೆಗೆ ಸುದ್ದಿಯನ್ನೇ ಕೊಡದೆ, ಏಕಾರದಲ್ಲಿಯೂ ಮೊದಲ ಇಕಾರದಲ್ಲಿಯೂ ತುಟಿಗಳನ್ನು ದುಂಡಾಗಿಸಿ.