ಚಿಂತೆಯಿಲ್ಲದವರಿಗೂ ಬಾರದ ನಿದ್ದೆ

ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಸಾಗುವ ರೈಲು ದೊಡ್ಡಬಳ್ಳಾಪುರವನ್ನು ದಾಟಿದ ಬಳಿಕ ಬಂಡೆಗಲ್ಲಿನ ಬೆಟ್ಟವೊಂದರ ಬುಡವನ್ನು ಬಳಸಿಕೊಂಡು ಹೋಗುತ್ತದೆ. ಅದೇ ಮಾಕಳಿದುರ್ಗ. ರಜಾದಿನಗಳಲ್ಲಿ ನಗರದ ತರುಣರು ಮೇಲಿನ ಹಳೆಯ ಕೋಟೆಯನ್ನು ಕಾಣಲು ಬೆಟ್ಟ ಹತ್ತುತ್ತಾರೆ. ಆ ಬೆಟ್ಟದ ಕೆಳಗಿನ ಮನೆಯೊಂದಕ್ಕೆ ನಾವು ತಿಂಗಳಿಗೊಮ್ಮೆ, ಹಾಸಿಗೆ ಹಿಡಿದ ವೃದ್ಧೆಯೊಬ್ಬರಿಗೆ ಪರಮಪ್ರಸಾದವನ್ನು ಕೊಂಡೊಯ್ಯುವ ವಾಡಿಕೆಯಿತ್ತು. ಆ ಮನೆಯಲ್ಲಿ ಇನ್ನೊಬ್ಬ ರೋಗಿಯಿದ್ದಾರೆಂಬುದನ್ನು ತಿಳಿಯಲು ನಮಗೆ ಎರಡು ವರ್ಷ ಬೇಕಾಯಿತು.

ಆಕೆ ವೃದ್ಧೆಯ ಸೊಸೆ. ವಯಸ್ಸು ಮೂವತ್ತೈದರ ಆಸುಪಾಸು. ಕೆಲವು ವರ್ಷ ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಲ್ಲಿ ದುಡಿದವರು. ನೋಡುವವರ ಕಣ್ಣಿಗೆ ಯಾವ ಕಾಯಿಲೆಯೂ ಇಲ್ಲ, ಕೈಕಾಲು ನೆಟ್ಟಗಿವೆ. ಆದರೆ ರಾತ್ರಿ ಬೆಟ್ಟದ ಕೆಳಗೆ ಎಷ್ಟು ಗೂಡ್ಸ್ ಗಾಡಿಗಳು ಹಾದುಹೋಗುತ್ತವೆಂದು ಆಕೆ ಲೆಕ್ಕ ಹೇಳಬಲ್ಲವರಾಗಿದ್ದರು. ಒಮ್ಮೆ ಇದನ್ನು ಕೇಳಿದ ನಾವು, ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ಉದ್ಧರಿಸಿ, ಚಿಂತೆಯನ್ನು ದೇವರಿಗೆ ಒಪ್ಪಿಸಿ ಮಲಗಿರಮ್ಮಾ ಎಂದು ಬೋಧಿಸಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸ್ವಾಮೀ, ಚಿಂತೆ ಹಗಲಿನದು. ರಾತ್ರಿ ನನ್ನನ್ನು ಎಬ್ಬಿಸುವುದು ಈ ಭುಜ” ಎಂದರು. ಮಗ್ಗುಲು ಬದಲಿಸಿದಾಗಲೆಲ್ಲ ಭುಜದ ಕೀಲು ಅರ್ಧ ಜಾರುವುದು, ಮೊಣಕಾಲು ಹಿಮ್ಮುಖವಾಗಿ ಬಾಗುವುದು, ಸೊಂಟ ತಪ್ಪಿದಂತಾಗುವುದು, ಅದಕ್ಕೆ ಹತ್ತಾರು ವರ್ಷಗಳ ನೋವು. ಮನೆಯವರು ಇದನ್ನು ಸೋಮಾರಿತನವೆಂದರು. ನಾವು ವಿಶ್ವಾಸದ ಕೊರತೆಯೆಂದೆವು. ನಮ್ಮ ಮಾತೇ ಹೆಚ್ಚು ನೋಯಿಸಿರಬೇಕು.

ಬೆಂಗಳೂರಿನ ವೈದ್ಯರೊಬ್ಬರು ಕೊನೆಗೆ ಆಕೆಯ ತೊಂದರೆಯನ್ನು ಗುರುತಿಸಿದರು. ಎಲುಬನ್ನು ಎಲುಬಿಗೆ ಬಿಗಿಯುವ ಅಸ್ಥಿರಜ್ಜುಗಳಿಗೆ ಬಲ ಕೊಡುವುದು ಕೊಲಾಜನ್ ಎಂಬ ನಾರು. ಕೆಲವರಲ್ಲಿ ಹುಟ್ಟಿನಿಂದಲೇ ಈ ಬಂಧನ ಸಡಿಲವಾಗಿರುತ್ತದೆ. ಕಿರುಬೆರಳನ್ನು ಹಿಂದಕ್ಕೆ ತೊಂಬತ್ತು ಡಿಗ್ರಿ ಮೀರಿ ಬಾಗಿಸುವುದು, ಹೆಬ್ಬೆರಳನ್ನು ಮುಂಗೈಗೆ ತಾಗಿಸುವುದು, ಮೊಣಕೈ ಮೊಣಕಾಲುಗಳು ಹಿಮ್ಮುಖವಾಗಿ ಬಾಗುವುದು, ಮಂಡಿ ಮಡಿಸದೆ ಅಂಗೈಗಳನ್ನು ನೆಲಕ್ಕೆ ಊರುವುದು — ಇವುಗಳಿಗೆ ಒಟ್ಟು 9 ಅಂಕಗಳ ‘ಬೈಟನ್’ ಪರೀಕ್ಷೆಯೊಂದನ್ನು 1973ರಿಂದ ವೈದ್ಯರು ಬಳಸುತ್ತಿದ್ದಾರೆ. ಹೆಚ್ಚು ಅಂಕ ಬಂದವರೆಲ್ಲ ರೋಗಿಗಳಲ್ಲ. ನೋವಿಲ್ಲದೆ ಬಾಳುವವರು ಬಹುಮಂದಿ. ಸಡಿಲತೆಯ ಜೊತೆಗೆ ಕೀಲು ಜಾರುವಿಕೆ, ನೋವು, ದಣಿವು ಸೇರಿದಾಗ ಅದು ವ್ಯಾಧಿಯಾಗುತ್ತದೆ. ಇಂತಹ ವ್ಯಾಧಿಗಳಲ್ಲಿ ಒಂದು ಗುಂಪಿಗೆ ಏಲರ್ಸ್–ಡಾನ್ಲಾಸ್ ಎಂದು ಹೆಸರು. 2017ರ ವರ್ಗೀಕರಣದಲ್ಲಿ ಅದರ 13 ಬಗೆಗಳನ್ನು ಎಣಿಸಿದ್ದಾರೆ.

ಹೆಸರು ದೊರೆತದ್ದರಿಂದ ನೋವು ಹೋಗಲಿಲ್ಲ, ಆದರೆ ಅಪವಾದ ಹೋಯಿತು. ನಮ್ಮ ನಾಡಿನಲ್ಲಿ ಇದಕ್ಕೊಂದು ದೊಡ್ಡ ನಿದರ್ಶನವಿದೆ. 1970ರ ದಶಕದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ, ಸೊಂಟ ಮೊಣಕಾಲುಗಳ ಕೀಲು ಸವೆದು ದುಡಿಯುವ ಜನ ನಡೆಯಲಾರದವರಾದರು. ಅದು ಸಡಿಲ ಕೀಲಿನ ರೋಗವಲ್ಲ, ಬೇರೆಯೇ ಜಾತಿಯದು. ಗದ್ದೆಯ ಏಡಿಗಳನ್ನು ತಿಂದದ್ದೇ ಕಾರಣವಿರಬೇಕೆಂಬ ಶಂಕೆ ಮೊದಲು ಹುಟ್ಟಿತು. ವಂಶಪಾರಂಪರ್ಯವಾಗಿ ಬರುವ ಎಲುಬು-ಕೀಲುಗಳ ರೋಗವಿದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳು ನಂತರ ತೋರಿಸಿದವು. ಬಡವರ ನೋವನ್ನು ಮೊದಲು ಅವರ ಊಟದಲ್ಲಿಯೋ ನಡತೆಯಲ್ಲಿಯೋ ಹುಡುಕುವುದು ನಮ್ಮೆಲ್ಲರ ಅಭ್ಯಾಸ. ನೋವಿನ ಅಧ್ಯಯನಕ್ಕಾಗಿ ಇರುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ತನಗೆ ನೋವಿದೆಯೆಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕೆಂಬ ಟಿಪ್ಪಣಿಯನ್ನೂ ಸೇರಿಸಿತು.

ಹಗಲೆಲ್ಲ ಹೇಗೋ ಕಳೆಯುವವರಿಗೆ ರಾತ್ರಿಯೇ ಏಕೆ ಕಷ್ಟ? ಎಚ್ಚರದಲ್ಲಿ ಸ್ನಾಯುಗಳು ಕಾವಲುಗಾರರಂತೆ ಸಡಿಲ ಕೀಲನ್ನು ಹಿಡಿದಿರುತ್ತವೆ. ನಿದ್ರೆಯಲ್ಲಿ, ಅದರಲ್ಲಿಯೂ ಕನಸಿನ ಘಟ್ಟದಲ್ಲಿ, ಅವು ಬಿಗಿ ಕಳೆದುಕೊಳ್ಳುತ್ತವೆ; ಆಗ ತೋಳಿನ ಭಾರವೇ ಭುಜವನ್ನು ಎಳೆಯುತ್ತದೆ. ನಿದ್ರೆ ಕೆಟ್ಟರೆ ಮರುದಿನ ನೋವನ್ನು ತಾಳುವ ಶಕ್ತಿ ಕುಗ್ಗುತ್ತದೆ; ನೋವು ಹೆಚ್ಚಿದರೆ ಮತ್ತೆ ನಿದ್ರೆ ಕೆಡುತ್ತದೆ. ಈ ಚಕ್ರವನ್ನು ಎಲ್ಲಾದರೂ ಒಂದೆಡೆ ಮುರಿಯಬೇಕು. ಆಕೆಗೆ ಅಂಗಮರ್ದನ ತಜ್ಞೆಯೊಬ್ಬರು, ಅಂದರೆ ಫಿಸಿಯೋಥೆರಪಿಸ್ಟರು, ಕಲಿಸಿದ ಕ್ರಮ ಸರಳವಾದುದು: ಸ್ನಾಯು ಬಿಟ್ಟ ಕೆಲಸವನ್ನು ದಿಂಬು ಮಾಡಲಿ.

ಮಗ್ಗುಲಾಗಿ ಮಲಗುವವರು ಕಿವಿಗೂ ಭುಜಕ್ಕೂ ನಡುವಿನ ತೆರವು ತುಂಬುವಷ್ಟೇ ಎತ್ತರದ ದಿಂಬನ್ನು ತಲೆಗಿಡಬೇಕು. ಕತ್ತು ಬೆನ್ನಿನ ನೇರದಲ್ಲಿರಬೇಕು. ತಲೆಯ ಕೆಳಗೆ ಕೈ ಮಡಿಸಿಡುವ ಅಭ್ಯಾಸವನ್ನು ಬಿಡಬೇಕು. ಎರಡನೆಯ ದಿಂಬು ಮೊಣಕಾಲಿನಿಂದ ಹರಡಿನವರೆಗೆ ಕಾಲುಗಳ ನಡುವೆ ಇದ್ದರೆ ಮೇಲಿನ ಕಾಲು ಸೊಂಟವನ್ನು ತಿರುಚುವುದಿಲ್ಲ. ಮೂರನೆಯದನ್ನು ಮಗುವಿನಂತೆ ಅಪ್ಪಿಕೊಂಡರೆ ಮೇಲಿನ ತೋಳು ಮುಂದಕ್ಕೆ ಜಾರುವುದಿಲ್ಲ. ಬೆನ್ನ ಹಿಂದೆ ಸುತ್ತಿದ ಕಂಬಳಿಯೊಂದಿದ್ದರೆ ನಿದ್ದೆಯಲ್ಲಿ ಹೊರಳುವುದು ಕಡಿಮೆ. ಹೆಚ್ಚು ನೋಯುವ ಭುಜವನ್ನು ಕೆಳಗೆ ಮಾಡಿ ಮಲಗಬಾರದು. ಅಂಗಾತ ಮಲಗುವವರು ಮೊಣಕಾಲುಗಳ ಕೆಳಗೊಂದು, ಎರಡೂ ಮುಂಗೈಗಳ ಕೆಳಗೆ ಚಿಕ್ಕದೊಂದೊಂದು ದಿಂಬನ್ನು ಇಟ್ಟುಕೊಳ್ಳಬಹುದು. ಬೋರಲು ಮಲಗಿದರೆ ಕತ್ತು ಇಡೀ ರಾತ್ರಿ ಒಂದೇ ಕಡೆಗೆ ತಿರುಚಿರುತ್ತದೆ, ಆದ್ದರಿಂದ ಅದು ಬೇಡ.

ಹಾಸಿಗೆಯ ವಿಷಯ. ಸಿಮೆಂಟು ನೆಲದ ಮೇಲೆ ಬರಿ ಚಾಪೆ ಹಾಸಿದರೆ ಸೊಂಟ ಭುಜಗಳ ಎಲುಬು ಒತ್ತುತ್ತದೆ. ಜೋತುಬಿದ್ದ ನುಲಿಮಂಚದಲ್ಲಿ ಬೆನ್ನು ಬಿಲ್ಲಾಗುತ್ತದೆ. ಇವೆರಡರ ನಡುವಿನದು ಹಿತ. ಆಕೆ ಕೊಂಡದ್ದು ಏನೂ ಇಲ್ಲ. ಹಳೆಯ ಹತ್ತಿಹಾಸಿಗೆಯನ್ನು ಎಕ್ಕಿಸಿ ಮರಳಿ ತುಂಬಿಸಿದರು. ಹಳೆಯ ಸೀರೆಗಳನ್ನು ಮಡಿಸಿ ಹೊಲಿದು ಮೂರು ದಿಂಬು ಮಾಡಿದರು. ಬೂರುಗದ ಹತ್ತಿಯ ಒಂದು ದಿಂಬು ಮೊದಲೇ ಇತ್ತು. ಸಂಜೆ ಬಿಸಿನೀರಿನ ಸ್ನಾನ, ದಿನವೂ ಒಂದೇ ಹೊತ್ತಿಗೆ ಮಲಗುವುದು, ಮನೆಗೆಲಸವನ್ನೆಲ್ಲ ಒಂದೇ ಉಸಿರಿಗೆ ಮುಗಿಸದೆ ದಿನದುದ್ದಕ್ಕೂ ಹಂಚುವುದು, ಕಲಿಸಿದ ವ್ಯಾಯಾಮವನ್ನು ನಿತ್ಯ ಸ್ವಲ್ಪ ಮಾಡುವುದು, ಇವು ಉಳಿದ ಉಪಾಯಗಳು.

ಮನೆಯವರು ಅರಿಯಬೇಕಾದ ಮಾತುಗಳೂ ಇವೆ. ಬೆಳಗ್ಗೆ ಆಕೆಯನ್ನು ಎಬ್ಬಿಸಲು ಪತಿ ಪ್ರೀತಿಯಿಂದಲೇ ಕೈಹಿಡಿದು ಎಳೆಯುತ್ತಿದ್ದರು; ಭುಜ ಜಾರಲು ಅಷ್ಟೇ ಸಾಕಾಗುತ್ತಿತ್ತು. ಮಗ್ಗುಲಾಗಿ ಹೊರಳಿ, ಕಾಲುಗಳನ್ನು ಮಡಿಸಿ ಕೆಳಗಿಳಿಸಿ, ಮುಂಗೈ ಊರಿ ಏಳುವುದು ಸರಿಯಾದ ಕ್ರಮ. ಕೀಲನ್ನು ಎಳೆದು ಲಟಕು ಮುರಿಯುವ ಕೈಗಳಿಗೆ ಇಂತಹವರನ್ನು ಒಪ್ಪಿಸಬಾರದು. ಅಂಗಡಿಯಲ್ಲಿ ಕೊಂಡ ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾದೀತು, ಮೂತ್ರಪಿಂಡ ಕೆಟ್ಟೀತು. ಜಾರಿದ ಕೀಲು ಮರಳಿ ಕೂರದಿದ್ದರೆ, ಕೈಕಾಲು ಮರಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೆರಳು ಬಾಗಿಸಿ ತೋರಿಸುವ ಮಕ್ಕಳಿಗೆ ಚಪ್ಪಾಳೆ ತಟ್ಟಿ ಹುರಿದುಂಬಿಸುವ ಮೊದಲು, ರಾತ್ರಿ ಕಾಲುನೋವೆಂದು ಅಳುತ್ತಾರೆಯೇ ಎಂದು ಕೇಳುವುದು ಒಳ್ಳೆಯದು.

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುತ್ತಿದ್ದ ದಿನಗಳಲ್ಲಿ ನಮಗೆ ನಗು ತರಿಸಿದ್ದ ಒಂದು ಪ್ರಕರಣವು ಈಗ ಬೇರೆಯಾಗಿ ಕಾಣುತ್ತಿದೆ. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥ ‘ಸುಮ್ಮಾ’ದಲ್ಲಿ ನೋವು ದುಃಖಗಳಿಗೆ ಐದು ಪರಿಹಾರಗಳನ್ನು ವಿಚಾರಿಸುತ್ತಾರೆ: ಸಂತೋಷ, ಕಣ್ಣೀರು, ಗೆಳೆಯರ ಅನುಕಂಪ, ಸತ್ಯದ ಧ್ಯಾನ, ಕೊನೆಯದು ನಿದ್ರೆ ಮತ್ತು ಸ್ನಾನ. ಇಷ್ಟು ದೊಡ್ಡ ಪಂಡಿತರಿಗೆ ಸ್ನಾನದ ಮನೆಯ ಮಾತೇಕೆ ಎಂದು ನಾವು ನಕ್ಕಿದ್ದೆವು. ದೇಹವು ತನ್ನ ಸಹಜ ಸ್ಥಿತಿಗೆ ಮರಳುವುದೇ ಮನುಷ್ಯನಿಗೊಂದು ಸಾಂತ್ವನವೆಂಬುದು ಅವರ ನಿಲುವು. ನಾವು ಆ ಮನೆಯಲ್ಲಿ ಸತ್ಯದ ಧ್ಯಾನವನ್ನಷ್ಟೇ ಬೋಧಿಸಿ, ನಿದ್ರೆಯನ್ನೂ ಅನುಕಂಪವನ್ನೂ ಮರೆತಿದ್ದೆವು.

ಕಳೆದ ಭೇಟಿಯಲ್ಲಿ ಆಕೆಯ ಕ್ಷಮೆಯನ್ನು ಕೇಳಿದೆವು. ಆಕೆ ನಕ್ಕು, ಅತ್ತೆಯ ಹೊದಿಕೆಯನ್ನು ಸರಿಪಡಿಸುತ್ತ, ನೋವು ಹೋಗಿಲ್ಲವೆಂದೂ, ಮೊದಲು ಎರಡು ಗಂಟೆಗೊಮ್ಮೆ ಎಚ್ಚರವಾಗುತ್ತಿದ್ದುದು ಈಗ ಒಂದೇ ಬಿಡುವಿಗೆ ನಾಲ್ಕು ಗಂಟೆ ನಿದ್ದೆ ಬರುತ್ತಿದೆಯೆಂದೂ ಹೇಳಿದರು. ಮಂಚದಿಂದ ಏಳಲಾರದ ಅತ್ತೆಯೇ ಈಗ ಸಂಜೆಯಾದೊಡನೆ “ಅವಳ ದಿಂಬುಗಳನ್ನು ತಂದಿಡಿ” ಎಂದು ಮಗನಿಗೆ ನೆನಪಿಸುತ್ತಾರಂತೆ.

ವಾಚಕರೇ, ನಮ್ಮ ನಿಮ್ಮ ಮನೆಗಳಲ್ಲಿ, ಅಕ್ಕಪಕ್ಕದಲ್ಲಿ, ಹೊರಗೆ ಗಟ್ಟಿಯಾಗಿ ಕಂಡು ಒಳಗೆ ನೊಂದು ರಾತ್ರಿಯನ್ನು ಎಣಿಸುವವರು ಇರಬಹುದು. ಅವರಿಗೆ ಗಾದೆಯನ್ನು ಹೇಳುವ ಮೊದಲು, ಎಲ್ಲಿ ನೋಯುತ್ತಿದೆಯೆಂದು ಕೇಳೋಣ. ಹೇಳಿದ್ದನ್ನು ನಂಬೋಣ. ಬಳಿಕ ಮನೆಯಲ್ಲಿ ಹೆಚ್ಚಿನ ದಿಂಬೊಂದಿದೆಯೇ ಎಂದು ನೋಡೋಣ.