ಹೈಕುವಿನ ಋತುಪದವೂ ವಿಷದ ಕಡಲೂ

ಜಪಾನೀ ಸಾಹಿತ್ಯದ ಹೈಕು ಎಂಬುದು 5, 7, 5 ಎಂದು ಮೂರು ಭಾಗಗಳಾಗಿ 17 ಮಾತ್ರೆಗಳುಳ್ಳ ಮುಕ್ತಕವು. ಕನ್ನಡ ಛಂದಸ್ಸಿನಲ್ಲಿರುವಂತೆಯೇ ಅಲ್ಲಿಯೂ ದೀರ್ಘಸ್ವರಕ್ಕೆ ಎರಡು ಮಾತ್ರೆಗಳ ಎಣಿಕೆ. ಇದರ ಮುಖ್ಯ ಲಕ್ಷಣಗಳು ಎರಡು: ಪದ್ಯವನ್ನು ಎರಡಾಗಿ ತುಂಡರಿಸಿ ನಿಲ್ಲಿಸುವ ಛೇದಪದ, ಕಾಲವನ್ನು ಸೂಚಿಸುವ ‘ಕಿಗೊ’ ಅಥವಾ ಋತುಪದ. ಋತುಪದಗಳ ಕೋಶಕ್ಕೆ ‘ಸಾಯ್‌ಜಿಕಿ’ ಎಂದು ಹೆಸರು. ವಸಂತದ ಕಡಲು, ಇಳಿತದಲ್ಲಿ ಚಿಪ್ಪುಗಳನ್ನಾಯುವುದು, ಬೆಕ್ಕುಗಳ ಪ್ರಣಯ ಇವು ಮೂರೂ ಅದರಲ್ಲಿ ವಸಂತಕ್ಕೆ ಸೇರಿದುವು. ಪ್ರಕೃತಿಯು ತಪ್ಪದೆ ಮರಳಿ ಬರುವುದೆಂಬ ನಂಬಿಕೆಯೇ ಈ ಸಂಪ್ರದಾಯದ ತಳಹದಿ.

ಈ ನಂಬಿಕೆಗೆ ಬಂದ ದೊಡ್ಡ ಪರೀಕ್ಷೆ ಕ್ಯೂಷೂ ದ್ವೀಪದ ಮಿನಮಾತ. ಅಲ್ಲಿಯ ಚಿಸ್ಸೊ ಕಾರ್ಖಾನೆಯಲ್ಲಿ 1932ರಿಂದ 1968ರ ವರೆಗೆ ಅಸಿಟಾಲ್ಡಿಹೈಡ್ ತಯಾರಿಸಲು ಪಾದರಸವನ್ನು ಬಳಸುತ್ತಿದ್ದರು. ಆ ಕ್ರಿಯೆಯಲ್ಲಿ ಹುಟ್ಟಿದ ಮೀಥೈಲ್ ಪಾದರಸವು ಕಡಲಿಗೆ ಹರಿದು, ಮೀನು ಚಿಪ್ಪುಗಳಲ್ಲಿ ಶೇಖರವಾಯಿತು. ಅವನ್ನು ತಿಂದ ಬೆಕ್ಕುಗಳು ಕುಣಿದಂತೆ ಸೆಟೆದು ಸತ್ತುವು. ಬೆಸ್ತರ ಮನೆಗಳಲ್ಲಿ ಮನುಷ್ಯರೂ ಅದೇ ವ್ಯಾಧಿಗೆ ತುತ್ತಾದರು. ಈ ವ್ಯಾಧಿಯು ಅಧಿಕೃತವಾಗಿ ದಾಖಲಾದುದು 1956ರ ಮೇ 1ರಂದು. ಸರಕಾರವು ಅದರ ಕಾರಣವನ್ನು ಒಪ್ಪಿಕೊಂಡುದು 1968ರಲ್ಲಿ. ಕಡಲು, ಚಿಪ್ಪು, ಬೆಕ್ಕು ಎಂಬ ಮೂರು ವಸಂತಪದಗಳೂ ಹೀಗೆ ಒಂದೇ ಕೊಲ್ಲಿಯಲ್ಲಿ ಮೃತ್ಯುವಿನ ಪದಗಳಾದುವು.

ಮಾಸಾಓಕ ಶಿಕಿ (1867–1902) ಕಂಡುದನ್ನು ಕಂಡಂತೆಯೇ ಚಿತ್ರಿಸಬೇಕೆಂದು ವಿಧಿಸಿದನು. ಆದರೆ ಈ ವಿಷವು ಕಣ್ಣಿಗೆ ಕಾಣದು. ನೀರಿನ ನೀಲಿ ಮಾಸದು. ಹೀಗಿರಲು ಕೇವಲ ದೃಶ್ಯಚಿತ್ರವು ಕಣ್ಣಿಗೆ ನಿಜವಾಗಿಯೂ ವಸ್ತುಸ್ಥಿತಿಗೆ ಸುಳ್ಳಾಗಿಯೂ ಪರಿಣಮಿಸುವುದು.

ಕವಿಗೆ ಇರುವ ದಾರಿಗಳು ಎರಡು. ವಿಷಕ್ಕೆ ಋತುವಿಲ್ಲವಾದುದರಿಂದ ಋತುಪದವನ್ನೇ ಬಿಡುವುದು ಒಂದು. 1930ರ ದಶಕದ ನವೋದಿತ ಹೈಕು ಪಂಥದ ಹಲವರು ಬೇರೆ ವಸ್ತುಗಳಿಗಾಗಿ ಈ ದಾರಿಯನ್ನು ಹಿಡಿದಿದ್ದರು. ಋತುಪದವನ್ನು ಉಳಿಸಿಕೊಂಡು, ಛೇದದ ಆಚೆಗೆ ಹಾನಿಯನ್ನು ಇರಿಸುವುದು ಇನ್ನೊಂದು. ಮೊದಲನೆಯದರಲ್ಲಿ ಮಾತು ನೇರವಾಗುವುದು, ಆದರೆ 17 ಮಾತ್ರೆಗಳ ಇಕ್ಕಟ್ಟಿನಲ್ಲಿ ಬೇಗನೆ ಘೋಷಣೆಯಾಗಿಬಿಡುವುದು. ಎರಡನೆಯದರಲ್ಲಿ ವಾಚ್ಯಾರ್ಥವು ವಸಂತ, ವ್ಯಂಗ್ಯಾರ್ಥವು ನಾಶ. ಆನಂದವರ್ಧನನ ಧ್ವನಿತತ್ತ್ವವನ್ನು ಬಲ್ಲವರಿಗೆ ಇದರ ಬಲವನ್ನು ವಿವರಿಸಬೇಕಾಗಿಲ್ಲ.

ಮಿನಮಾತದ ದುಃಖವನ್ನು ಗದ್ಯದಲ್ಲಿ ಬರೆದ ಇಶಿಮುರೆ ಮಿಚಿಕೊ (1927–2018) ಹೈಕುಗಳನ್ನೂ ರಚಿಸಿದರು. 1969ರಲ್ಲಿ ಪ್ರಕಟವಾದ ಅವರ ‘ಕುಗಾಯ್ ಜೋದೊ’ ಗ್ರಂಥದ ಹೆಸರಿನಲ್ಲಿ ದುಃಖಸಾಗರವೂ ಬೌದ್ಧರ ಸುಖಾವತಿಯೂ ಪಕ್ಕಪಕ್ಕದಲ್ಲಿ ನಿಂತಿವೆ. ನಡುವೆ ಸಮಾಧಾನದ ಮಾತೊಂದೂ ಇಲ್ಲ. ಹೈಕುವಿನ ಛೇದವೂ ಇಂತಹುದೇ.

ಆದಕಾರಣ ಋತುಪದವು ಬರಿಯ ಅಲಂಕಾರವಲ್ಲ, ಸಾಕ್ಷಿ. ಕಡಲು ಕೆಟ್ಟರೂ ಕೋಶದಲ್ಲಿ ವಸಂತದ ಕಡಲು ಹಾಗೆಯೇ ಇರುವುದು. ಕಳೆದುದೆಷ್ಟೆಂಬುದನ್ನು ಅದರಿಂದಲೇ ಅಳೆಯಬೇಕು.